ಸೆಲ್ಲಾರ್ ಗೋಡೆಯ ಲೆಕ್ಕ ಕೇಳಿ!

ಬೆಂಗಳೂರಿನಲ್ಲಿ ಈಗ ಮನೆ ಕಟ್ಟುವುದೆಂದರೆ ಮೊದಲು ಮೇಲಕ್ಕೆ ಹೋಗುವುದಲ್ಲ, ಕೆಳಕ್ಕೆ ಇಳಿಯುವುದು. ಮೂವತ್ತು-ನಲವತ್ತರ ಸೈಟು. ಎರಡು ಕಾರು, ನಾಲ್ಕು ಬೈಕು, ಒಂದು ಸಂಪು, ಮೇಲೆ ಮೂರೋ ನಾಲ್ಕೋ ಬಾಡಿಗೆ ಮನೆ. ಜಾಗ ಎಲ್ಲಿಂದ ಬರಬೇಕು? ಕರೆಸು ಇಟಾಚಿ, ತೋಡಿಸು ಹತ್ತಡಿ, ಮಾಡು ಸೆಲ್ಲಾರ್!

ಮಾಲೀಕನನ್ನು ಮಾತಾಡಿಸಿ ನೋಡಿ. ಹಾಲಿಗೆ ಹಾಕುವ ಟೈಲ್ಸು ಚದರಡಿಗೆ ಎಷ್ಟು ಅಂತ ಬಾಯಿಪಾಠ ಹೇಳುತ್ತಾನೆ. ಸೆಲ್ಲಾರಿನ ಗೋಡೆಯನ್ನು ಹೊರಗಿನ ಮಣ್ಣು ಎಷ್ಟು ಟನ್ ಬಲದಿಂದ ಒಳಕ್ಕೆ ನೂಕುತ್ತಿದೆ ಅಂತ ಕೇಳಿ, ನಿಮ್ಮ ಮುಖವನ್ನೇ ನೋಡುತ್ತಾನೆ. ಮೇಸ್ತ್ರಿಯನ್ನು ಕೇಳಿದರೆ, "ಎಂಟಿಂಚು ಗೋಡೆ ಸಾರ್, ಏನೂ ಆಗಲ್ಲ" ಅನ್ನುತ್ತಾನೆ.

ಈ "ಏನೂ ಆಗಲ್ಲ" ಇದೆಯಲ್ಲ, ನಮ್ಮ ಊರಿನ ಅರ್ಧಕ್ಕರ್ಧ ಸೆಲ್ಲಾರುಗಳು ನಿಂತಿರುವುದು ಅದರ ಮೇಲೆಯೇ ಏನೋ ಅನ್ನಿಸುತ್ತದೆ!

ನಾನು ಇಂಜಿನಿಯರ್ ಅಲ್ಲ. ಪಿಯುಸಿ ಮುಗಿಸಿ ಪ್ರೆಸ್ ಇಟ್ಟುಕೊಂಡವನು. ಆದರೆ ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ರಿಪೋರ್ಟುಗಳಿಗೆ ರಟ್ಟು ಹಾಕಿ ಬೈಂಡ್ ಮಾಡಿ ಕೊಡುವ ಕೆಲಸ ವರ್ಷಗಳಿಂದ ನಮ್ಮಲ್ಲಿ ನಡೆಯುತ್ತಿದೆ. ಆ ಹುಡುಗರನ್ನು ಕೂರಿಸಿ, ಟೀ ಕುಡಿಸಿ, ಅರ್ಥವಾಗುವವರೆಗೆ ಕೇಳಿ ಕಲಿತ ಲೆಕ್ಕವನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಗುಣಾಕಾರ ಭಾಗಾಕಾರ ಬಂದರೆ ಸಾಕು. ಆದರೆ ಇದನ್ನು ಹಿಡಿದು ಯಾರೂ ಗೋಡೆ ಕಟ್ಟಲು ಹೊರಡಬೇಡಿ. ಪ್ರಶ್ನೆ ಕೇಳಲು ಮಾತ್ರ ಬಳಸಿ. ಯಾಕೆಂದರೆ ಗೆಳೆಯರೇ, ಈ ಊರಿನಲ್ಲಿ ಸದ್ಯ ಕೊರತೆ ಇರುವುದು ಸಿಮೆಂಟಿಗಲ್ಲ, ಪ್ರಶ್ನೆ ಕೇಳುವವರಿಗೆ.

ಪಾಯ ಬೇರೆ, ಸೆಲ್ಲಾರ್ ಬೇರೆ

ನಮ್ಮ ಮೇಸ್ತ್ರಿಗಳು ದಡ್ಡರಲ್ಲ. ಸೈಜುಗಲ್ಲಿನ ಪಾಯ ಹಾಕುವುದರಲ್ಲಿ ತಲೆಮಾರುಗಳ ಅನುಭವ ಅವರದು. ಆದರೆ ಆ ಹಳೆಯ ಪಾಯದ ಗುಟ್ಟು ಏನು? ಕಲ್ಲಿನ ಗೋಡೆಯ ಆ ಕಡೆಯೂ ಮಣ್ಣು, ಈ ಕಡೆಯೂ ಮಣ್ಣು. ಎಡಗಡೆಯ ಮಣ್ಣು ಎಷ್ಟು ನೂಕುತ್ತದೋ ಬಲಗಡೆಯದೂ ಹೆಚ್ಚುಕಡಿಮೆ ಅಷ್ಟೇ ನೂಕುತ್ತದೆ. ಎರಡೂ ಸರಿಗೆ ಸರಿ. ಗೋಡೆಗೆ ಉಳಿಯುವುದು ಮೇಲಿನಿಂದ ನೆಟ್ಟಗೆ ಇಳಿಯುವ ಮನೆಯ ಭಾರ ಒಂದೇ. ಅದಕ್ಕೆ ಅನುಭವ ಸಾಕಿತ್ತು.

ಸೆಲ್ಲಾರ್ ಮಾಡಿದ ಕ್ಷಣ ಈ ಸಮತೋಲ ಮುರಿಯುತ್ತದೆ. ಒಂದು ಕಡೆ ಮಣ್ಣು, ಇನ್ನೊಂದು ಕಡೆ ನಿಮ್ಮ ಕಾರು ನಿಲ್ಲಿಸುವ ಖಾಲಿ ಜಾಗ. ಈಗ ಗೋಡೆಗೆ ಎರಡು ಕೆಲಸ. ಮೇಲಿನ ಭಾರ ಹೊರಬೇಕು, ಪಕ್ಕದ ನೂಕನ್ನೂ ತಡೆಯಬೇಕು. ಮೊದಲನೆಯದು ಗೋಡೆಯನ್ನು ಅಮುಕುತ್ತದೆ, ಎರಡನೆಯದು ಬಗ್ಗಿಸುತ್ತದೆ. ಈ ಎರಡನ್ನೂ ಒಟ್ಟಿಗೆ ಹಿಡಿದು ಲೆಕ್ಕ ಹಾಕದ ಗೋಡೆ, ಎಷ್ಟೇ ದಪ್ಪ ಇರಲಿ, ಲೆಕ್ಕವಿಲ್ಲದ ಗೋಡೆಯೇ.

ಮಣ್ಣು ಎಷ್ಟು ನೂಕುತ್ತದೆ?

ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು 1.8 ಟನ್ ಅಂತ ಹಿಡಿಯಿರಿ. 3 ಮೀಟರ್, ಅಂದರೆ ಸುಮಾರು ಹತ್ತಡಿ ಆಳದಲ್ಲಿ ಆ ಮಣ್ಣು ಕೆಳಕ್ಕೆ ಒತ್ತುವುದು ಚದರ ಮೀಟರಿಗೆ 5.4 ಟನ್. ಮಣ್ಣು ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಪಕ್ಕಕ್ಕೂ ಒತ್ತುತ್ತದೆ. ಎಷ್ಟು ಪಾಲು? ಅದು ಗೋಡೆ ಅಲುಗುತ್ತದೋ ಇಲ್ಲವೋ ಎನ್ನುವುದರ ಮೇಲೆ ನಿಂತಿದೆ.

ಬಯಲಿನಲ್ಲಿ ನಿಂತ ತಡೆಗೋಡೆ ಒಂಚೂರು ಮುಂದಕ್ಕೆ ವಾಲಬಲ್ಲದು. ವಾಲಿದಾಗ ಮಣ್ಣಿನ ಒತ್ತಡ ಸಡಿಲವಾಗಿ ಸಾಧಾರಣ ಮರಳು ಮಿಶ್ರಿತ ಮಣ್ಣಿನಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಈ ಲೆಕ್ಕಕ್ಕೆ ಬುನಾದಿ ಹಾಕಿದವರು ಫ್ರಾನ್ಸಿನ ಕುಲಂಬ್ ಮತ್ತು ಸ್ಕಾಟ್ಲೆಂಡಿನ ರ‍್ಯಾಂಕಿನ್. ಒಬ್ಬರು 18ನೇ ಶತಮಾನದವರು, ಇನ್ನೊಬ್ಬರು 19ನೆಯದರವರು. ಆದರೆ ಸೆಲ್ಲಾರಿನ ಗೋಡೆಯನ್ನು ಮೇಲೆ ಮೋಲ್ಡು, ಕೆಳಗೆ ನೆಲದ ಕಾಂಕ್ರೀಟು ಎರಡೂ ಬಿಗಿಯಾಗಿ ಹಿಡಿದಿರುತ್ತವೆ. ಅದಕ್ಕೆ ವಾಲುವ ಸ್ವಾತಂತ್ರ್ಯವಿಲ್ಲ. ಮಣ್ಣು ಸಡಿಲವಾಗುವುದೂ ಇಲ್ಲ. ಅಲ್ಲಿ ಹಿಡಿಯಬೇಕಾದ್ದು ಸುಮಾರು ಅರ್ಧ ಪಾಲು. ತಡೆಗೋಡೆಯ ಮೂರನೇ ಒಂದನ್ನೇ ತಂದು ಸೆಲ್ಲಾರಿಗೂ ಹಾಕಿದರೆ ಮೊದಲ ಸಾಲಿನಲ್ಲೇ ಲೆಕ್ಕದಲ್ಲಿ ಮೂರನೇ ಒಂದು ಭಾಗ ನುಂಗಿದ ಹಾಗೆ!

ಅರ್ಧ ಹಿಡಿದರೆ ಗೋಡೆಯ ಬುಡದಲ್ಲಿ ಪಕ್ಕದ ಒತ್ತಡ ಚದರ ಮೀಟರಿಗೆ 2.7 ಟನ್. ಮೇಲೆ ಸೊನ್ನೆ, ಬುಡದಲ್ಲಿ 2.7. ಅಂದರೆ ಒತ್ತಡದ ಚಿತ್ರ ಒಂದು ತ್ರಿಕೋನ. ಒಟ್ಟು ನೂಕು ಎಷ್ಟು? ಗೋಡೆಯ ಪ್ರತಿ ಒಂದು ಮೀಟರ್ ಉದ್ದಕ್ಕೆ 4 ಟನ್ನಿಗೂ ಸ್ವಲ್ಪ ಹೆಚ್ಚು. 12 ಮೀಟರ್ ಉದ್ದದ ಗೋಡೆಯಾದರೆ ಸುಮಾರು 48 ಟನ್. ಹಗಲೂ ರಾತ್ರಿ, ಹಬ್ಬ ಹುಣ್ಣಿಮೆ ಅಂತ ರಜಾ ಇಲ್ಲದೆ, ಒಂದೇ ಕಡೆಯಿಂದ ಈ ನೂಕು.

ಇನ್ನೊಂದು ಮಾತು. ಆಳ ಎರಡು ಪಟ್ಟಾದರೆ ನೂಕು ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಗೋಡೆಯನ್ನು ಬಗ್ಗಿಸುವ ಶಕ್ತಿ ಎಂಟು ಪಟ್ಟಾಗುತ್ತದೆ. "ಒಂದು ಸೆಲ್ಲಾರಿಗೆ ಎಂಟಿಂಚು ಸಾಕಾಯ್ತು, ಎರಡು ಸೆಲ್ಲಾರಿಗೆ ಹನ್ನೆರಡು ಹಾಕೋಣ" ಅನ್ನುವವರು ಈ ಎಂಟನ್ನು ನೆನಪಿಟ್ಟುಕೊಳ್ಳಲಿ.

ಅರ್ಧ ಹೂತ ಗೋಡೆಯ ಮೋಸ

ಬೆಂಗಳೂರು ಸಮತಟ್ಟಾದ ಊರಲ್ಲ. ಏರು, ಇಳಿಜಾರು, ನಡುವೆ ವೃಷಭಾವತಿ, ಕೋರಮಂಗಲ, ಹೆಬ್ಬಾಳದ ಕಣಿವೆಗಳು. ಎಷ್ಟೋ ಸೈಟುಗಳಲ್ಲಿ ರಸ್ತೆಯ ಕಡೆ ಎತ್ತರ, ಹಿಂದೆ ತಗ್ಗು. ಅಲ್ಲಿ ಗೋಡೆ ಪೂರ್ತಿ ಹೂತಿರುವುದಿಲ್ಲ. ಅರ್ಧ ಮಣ್ಣಿನಲ್ಲಿ, ಅರ್ಧ ಗಾಳಿಯಲ್ಲಿ. "ಪೂರ್ತಿ ಸೆಲ್ಲಾರೇನಲ್ಲವಲ್ಲ" ಅಂತ ಮಾಲೀಕನಿಗೆ ಸಮಾಧಾನ.

ಲೆಕ್ಕ ನೋಡಿ. 3 ಮೀಟರ್ ಎತ್ತರದ ಗೋಡೆ, ಹೊರಗೆ 2 ಮೀಟರ್ ಮಾತ್ರ ಮಣ್ಣು. ಒಟ್ಟು ನೂಕು 4 ಟನ್ನಿನಿಂದ 1.8 ಟನ್ನಿಗೆ ಇಳಿಯುತ್ತದೆ. ಬಗ್ಗಿಸುವ ಶಕ್ತಿಯನ್ನು ಟನ್-ಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮೀಟರ್ ಉದ್ದದ ಹಾರೆಯ ಒಂದು ತುದಿ ಗೋಡೆಗೆ ನೆಟ್ಟು, ಇನ್ನೊಂದು ತುದಿಗೆ ಒಂದು ಟನ್ ತೂಗುಹಾಕಿದರೆ ಬುಡದಲ್ಲಿ ಆಗುವುದು ಒಂದು ಟನ್-ಮೀಟರ್. ಮೇಲೆ ಕೆಳಗೆ ಎರಡೂ ಕಡೆ ಹಿಡಿದ ಗೋಡೆಯಲ್ಲಿ, ಪೂರ್ತಿ ಮಣ್ಣಿದ್ದರೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 1.56 ಟನ್-ಮೀಟರ್. 2 ಮೀಟರ್ ಮಣ್ಣಿದ್ದರೆ ಸುಮಾರು 0.65. ಅರ್ಧಕ್ಕಿಂತಲೂ ಕಡಿಮೆ.

ಮೋಸ ಇರುವುದು ಇಲ್ಲೇ. ಇಂಜಿನಿಯರ್ 2 ಮೀಟರಿಗೆ ಲೆಕ್ಕ ಹಾಕಿ ಕೊಟ್ಟು ಹೋದ. ಮೂರು ವರ್ಷದ ನಂತರ ಮಾಲೀಕನಿಗೆ ಅಲ್ಲೊಂದು ಗಾರ್ಡನ್ ಬೇಕೆನಿಸಿತು. ಅಥವಾ ಪಕ್ಕದವನು ತಗ್ಗಿನ ಸೈಟನ್ನು ಕಟ್ಟಡದ ಅವಶೇಷ ತುಂಬಿ ಎತ್ತರಿಸಿದ. ಅಥವಾ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಅಂಗಳವನ್ನೂ ಏರಿಸಬೇಕಾಯಿತು. 2 ಮೀಟರ್ ಇದ್ದ ಮಣ್ಣು 3 ಮೀಟರ್ ಆಯಿತು. ಗೋಡೆ ಅದೇ, ಕಂಬಿ ಅದೇ, ಬಗ್ಗಿಸುವ ಶಕ್ತಿ 2.4 ಪಟ್ಟು! ಅದರ ಪಕ್ಕಕ್ಕೆ 6,000 ಲೀಟರಿನ ನೀರಿನ ಟ್ಯಾಂಕರ್ ತಂದು ನಿಲ್ಲಿಸಿ. ನೀರೇ 6 ಟನ್, ಗಾಡಿಯ ತೂಕ ಬೇರೆ. ಗೋಡೆಯ ಪಕ್ಕದ ನೆಲದ ಮೇಲೆ ಚದರ ಮೀಟರಿಗೆ ಒಂದು ಟನ್ ಹೇರಿದರೆ, ಗೋಡೆಗೆ ಮೀಟರ್ ಉದ್ದಕ್ಕೆ ಇನ್ನೂ ಒಂದೂವರೆ ಟನ್ ನೂಕು ಸೇರುತ್ತದೆ.

ಇನ್ನೊಂದು ಅಪಾಯವೂ ಉಂಟು. ನಾಲ್ಕೂ ಕಡೆ ಹೂತ ಸೆಲ್ಲಾರಿನಲ್ಲಿ ಎದುರು ಬದುರು ಗೋಡೆಗಳ ನೂಕು ಮೋಲ್ಡಿನ ಮೂಲಕ ಪರಸ್ಪರ ತಡೆದುಕೊಳ್ಳುತ್ತವೆ. ಇಳಿಜಾರಿನಲ್ಲಿ ಒಂದೇ ಕಡೆ ಮಣ್ಣು. ಎದುರಿಗೆ ತಡೆಯುವವರಿಲ್ಲ. ಆಗ ಇಡೀ ಕಟ್ಟಡವನ್ನೇ ತಗ್ಗಿನ ಕಡೆಗೆ ಜಾರಿಸುವ ಬಲ ಹುಟ್ಟುತ್ತದೆ. ಆ ಬಲ ಅಡ್ಡಗೋಡೆಗಳ ಮೂಲಕ ಪಾಯಕ್ಕೆ ಇಳಿದು ನೆಲಕ್ಕೆ ಸೇರಬೇಕು. "ಪಾರ್ಕಿಂಗಿಗೆ ಅಡ್ಡ" ಅಂತ ಆ ಅಡ್ಡಗೋಡೆಗಳನ್ನೇ ತೆಗೆಸುವ ಮಹಾನುಭಾವರಿಗೆ ಏನೆನ್ನೋಣ?

ಮೇಲಿನ ಭಾರ ಮಿತ್ರನೋ, ಶತ್ರುವೋ?

ಕನ್ನಂಬಾಡಿ ಕಟ್ಟೆ ನೋಡಿದ್ದೀರಲ್ಲ? 1911ರಲ್ಲಿ ಕೆಲಸ ಶುರುವಾದ, ಸುಮಾರು 130 ಅಡಿ ಎತ್ತರದ, ಸುರ್ಕಿ ಗಾರೆಯ ಕಲ್ಲಿನ ಕಟ್ಟೆ. ಆ ಪಾಟಿ ನೀರಿನ ನೂಕನ್ನು ಅದು ತಡೆದಿರುವುದು ಯಾವುದರಿಂದ? ತನ್ನ ತೂಕದಿಂದ. ಕಲ್ಲಿಗೂ ಕಾಂಕ್ರೀಟಿಗೂ ಅಮುಕಿದರೆ ತಡೆಯುವ ಶಕ್ತಿ ಬಹಳ, ಎಳೆದರೆ ತಡೆಯುವ ಶಕ್ತಿ ಕಡಿಮೆ. ಪಕ್ಕದ ನೂಕು ಗೋಡೆಯ ಒಂದು ಮುಖವನ್ನು ಎಳೆಯುತ್ತದೆ. ಮೇಲಿನ ತೂಕ ಆ ಎಳೆತವನ್ನು ಅಮುಕಿ ಹಾಕುತ್ತದೆ. ಎಲ್ಲ ಬಲಗಳೂ ಕೂಡಿ ಇಳಿಯುವ ಗೆರೆ ಗೋಡೆಯ ದಪ್ಪದ ನಟ್ಟನಡುವಿನ ಮೂರನೇ ಒಂದು ಪಾಲಿನೊಳಗೇ ಇದ್ದರೆ ಯಾವ ಮುಖದಲ್ಲೂ ಎಳೆತ ಹುಟ್ಟುವುದಿಲ್ಲ. ಇಂಥ ಕಟ್ಟೆಗಳಿಗೆ ಹಳಬರು ಹಿಡಿದ ಸೂತ್ರ ಇದು. ಈ ಅರ್ಥದಲ್ಲಿ ಮೇಲಿನ ಭಾರ ಗೋಡೆಯ ಮಿತ್ರ.

ಈ ಮಿತ್ರನನ್ನು ನಂಬಿ ಎಂಟಿಂಚಿನ ಸೆಲ್ಲಾರ್ ಗೋಡೆ ಕಟ್ಟಬಹುದೇ? ಗೋಡೆಯ ದಪ್ಪ 20 ಸೆಂಟಿಮೀಟರ್. ಮೇಲಿನಿಂದ ಮೀಟರ್ ಉದ್ದಕ್ಕೆ 10 ಟನ್ ಭಾರ ಇಳಿಯುತ್ತಿದೆ ಅಂತ ಇಟ್ಟುಕೊಳ್ಳೋಣ. ಬಗ್ಗಿಸುವ 1.56ನ್ನು 10ರಿಂದ ಭಾಗಿಸಿ. ಬಲದ ಗೆರೆ ಗೋಡೆಯ ನಡುವಿನಿಂದ ಸುಮಾರು 15.6 ಸೆಂಟಿಮೀಟರ್ ಸರಿಯುತ್ತದೆ. ಗೋಡೆಯ ನಡುವಿನಿಂದ ಅಂಚಿಗೆ ಇರುವುದೇ 10 ಸೆಂಟಿಮೀಟರ್! ಗೆರೆ ನಡುವಿನ ಮೂರನೇ ಪಾಲಿನಲ್ಲಿರುವುದು ಹಾಗಿರಲಿ, ಗೋಡೆಯಿಂದಲೇ ಹೊರಗೆ ಬಿತ್ತು. ಬರೀ ತೂಕದ ಮೇಲೆ ನಿಲ್ಲುವ ಗೋಡೆ ಇದಲ್ಲ. ಎಳೆತ ತಡೆಯಲು ಕಂಬಿ ಬೇಕೇ ಬೇಕು.

ಅದಲ್ಲದೆ ಈಗಿನ ಕಟ್ಟಡಗಳಲ್ಲಿ ಭಾರ ಇಳಿಯುವುದು ಪಿಲ್ಲರುಗಳ ಮೂಲಕ. ಪಿಲ್ಲರುಗಳ ನಡುವೆ ಸಾಲಿಡ್ ಬ್ಲಾಕ್ ಜೋಡಿಸಿ ಸೆಲ್ಲಾರ್ ಗೋಡೆ ಅನ್ನುತ್ತಾರೆ. ಆ ಗೋಡೆಗೆ ಮೇಲಿನ ಭಾರ ಬರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅಂದರೆ ಮಿತ್ರನೂ ಇಲ್ಲ. ಒಳಗೆ ಕಂಬಿಯೂ ಇಲ್ಲ. ಬ್ಲಾಕುಗಳ ನಡುವಿನ ಗಾರೆಗೆ ಎಳೆತ ತಡೆಯುವ ತಾಕತ್ತು ತೀರಾ ಕಡಿಮೆ. ಹಾಗಾದರೆ ನಾಲ್ಕು ಟನ್ ನೂಕನ್ನು ತಡೆಯುತ್ತಿರುವವರು ಯಾರು, ಮನೆದೇವರೇ?

ಇನ್ನು ಮಿತ್ರ ಶತ್ರುವಾಗುವ ಸಮಯವೂ ಇದೆ. ಗೋಡೆ ತೆಳ್ಳಗಿದ್ದು ಒಮ್ಮೆ ಹೊಟ್ಟೆ ಬಿಟ್ಟಿತು ಅನ್ನಿ. ಆಗ ಮೇಲಿನ ಭಾರ ನೆಟ್ಟಗೆ ಇಳಿಯದೆ, ಬಾಗಿದ ಗೋಡೆಯನ್ನು ಇನ್ನಷ್ಟು ಬಾಗಿಸುತ್ತದೆ. ಇನ್ನಷ್ಟು ಬಾಗಿದರೆ ಇನ್ನೂ ಹೆಚ್ಚು. ಅದಕ್ಕೇ ಭಾರತದ ಕಾಂಕ್ರೀಟ್ ಸಂಹಿತೆಯಾದ ಐಎಸ್ 456ರ 2000ದ ಆವೃತ್ತಿ, ಕಾಂಕ್ರೀಟ್ ಗೋಡೆಯ ಲೆಕ್ಕದ ಎತ್ತರ ಅದರ ದಪ್ಪದ 30 ಪಟ್ಟನ್ನು ಮೀರಬಾರದು ಅಂತ ಹೇಳಿತು. ಎಷ್ಟು ಭಾರಕ್ಕೆ ಎಷ್ಟು ಬಾಗು ತಡೆದೀತು ಅಂತ ಗೆರೆ ಎಳೆದು ತೋರಿಸುವ ಚಾರ್ಟುಗಳನ್ನು 1980ರಲ್ಲೇ ಎಸ್‌ಪಿ 16 ಎಂಬ ಪುಸ್ತಕದಲ್ಲಿ ಸರ್ಕಾರಿ ಮಾನಕ ಸಂಸ್ಥೆಯೇ ಅಚ್ಚು ಹಾಕಿಸಿತು. ಲೆಕ್ಕ ಇಲ್ಲ ಅನ್ನುವ ಹಾಗಿಲ್ಲ. ಲೆಕ್ಕ ಮಾಡಿಸುವವರಿಲ್ಲ, ಅಷ್ಟೇ.

ಕಂಬಿ ಯಾವ ಮುಖದಲ್ಲಿ?

ಒಂದು ಕ್ಯಾಲೆಂಡರ್ ರಟ್ಟು ತೆಗೆದುಕೊಂಡು ಬಗ್ಗಿಸಿ. ಉಬ್ಬಿದ ಮುಖ ಹಿಗ್ಗುತ್ತದೆ, ಒಳಮುಖ ಕುಗ್ಗುತ್ತದೆ. ಕಾಂಕ್ರೀಟೂ ಹೀಗೇ. ಹಿಗ್ಗುವ ಮುಖದಲ್ಲಿ ಕಂಬಿ ಇರಬೇಕು. ಸಾಧಾರಣ ಎಂ20 ಕಾಂಕ್ರೀಟು ಅಮುಕಿದರೆ ಚದರ ಸೆಂಟಿಮೀಟರಿಗೆ ಸುಮಾರು 200 ಕೆ.ಜಿ. ತಡೆದೀತು. ಬಗ್ಗಿಸಿ ಎಳೆದರೆ ಸುಮಾರು 31ಕ್ಕೆ ಬಿರುಕು. ಆ 31ನ್ನೂ ನಂಬಿ ಯಾವ ಜವಾಬ್ದಾರಿಯ ಇಂಜಿನಿಯರೂ ಸೆಲ್ಲಾರ್ ಗೋಡೆಯ ಲೆಕ್ಕ ಮಾಡುವುದಿಲ್ಲ.

ಮೇಲೆ ಮೋಲ್ಡು, ಕೆಳಗೆ ನೆಲ ಎರಡೂ ಹಿಡಿದಿರುವ ಗೋಡೆ ನಡುವಿನಲ್ಲಿ ಕಾರು ನಿಲ್ಲಿಸುವ ಕಡೆಗೆ ಹೊಟ್ಟೆ ಬಿಡುತ್ತದೆ. ಹಿಗ್ಗುವುದು ಒಳಮುಖ. ಮುಖ್ಯ ಕಂಬಿ ಅಲ್ಲೇ ಬೇಕು. ಆದರೆ ಮೇಲೆ ಮೋಲ್ಡು ಹಾಕುವ ಮೊದಲೇ ಹೊರಗೆ ಮಣ್ಣು ತುಂಬಿದರೆ? ಆಗ ಗೋಡೆಯ ನೆತ್ತಿಯನ್ನು ಹಿಡಿಯುವವರೇ ಇಲ್ಲ. ಬುಡ ಒಂದೇ ಹಿಡಿದಿರುತ್ತದೆ, ನೆತ್ತಿ ಒಳಕ್ಕೆ ವಾಲುತ್ತದೆ. ಈಗ ಹಿಗ್ಗುವುದು ಬುಡದಲ್ಲಿ, ಅದೂ ಮಣ್ಣಿನ ಕಡೆಯ ಮುಖ! ಕಂಬಿ ಒಂದು ಕಡೆ, ಎಳೆತ ಇನ್ನೊಂದು ಕಡೆ.

ಎಷ್ಟು ಎಳೆತ? ವಾಲಿದ್ದರಿಂದ ಮಣ್ಣು ಸಡಿಲವಾಯಿತು, ಮೂರನೇ ಒಂದಕ್ಕೆ ಇಳಿಯಿತು ಅಂತ ಉದಾರವಾಗಿಯೇ ಹಿಡಿಯೋಣ. ಬುಡದಲ್ಲಿ 2.7 ಟನ್-ಮೀಟರ್. ಎಂಟಿಂಚಿನ ಗೋಡೆಯಲ್ಲಿ ಅದರಿಂದ ಹುಟ್ಟುವ ಎಳೆತ ಚದರ ಸೆಂಟಿಮೀಟರಿಗೆ ಸುಮಾರು 40 ಕೆ.ಜಿ. ಬಿರುಕು ಬಿಡುವ 31ನ್ನು ದಾಟಿಯಾಯಿತು. ಮೇಲೆ ಮನೆಯೇ ಇನ್ನೂ ಎದ್ದಿಲ್ಲವಾದ್ದರಿಂದ ಅಮುಕಿ ಕಾಪಾಡುವ ಭಾರವೂ ಇಲ್ಲ. ಅಷ್ಟು ಸಾಲದೆಂಬಂತೆ ಜೆಸಿಬಿ ಗೋಡೆಯ ಪಕ್ಕಕ್ಕೇ ಬಂದು ಮಣ್ಣು ದಮ್ಮಸು ಮಾಡುತ್ತದೆ!

ಈ ಅಡ್ಡದಾರಿಗೆ ಕಾರಣ ಏನು ಗೊತ್ತೇ? ತೋಡಿದ ಮಣ್ಣು ರಸ್ತೆಯಲ್ಲಿ ಬಿದ್ದಿದೆ, ಪಕ್ಕದವರು ಗಲಾಟೆ ಮಾಡುತ್ತಾರೆ, ಬೇಗ ತುಂಬಿಬಿಡೋಣ. ಸೆಂಟ್ರಿಂಗ್ ಸಾಮಾನಿಗೆ ದಿನಬಾಡಿಗೆ ಏರುತ್ತದೆ. ನಾಲ್ಕು ದಿನದ ಬಾಡಿಗೆ ಉಳಿಸಲು ಐವತ್ತು ವರ್ಷದ ಗೋಡೆಗೆ ಹುಟ್ಟುವಾಗಲೇ ಬಿರುಕು.

ನೀರು ಬಂದರೆ ಲೆಕ್ಕವೇ ಬೇರೆ

ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೆರೆಯ ಹೆಸರು ಅಳಿಸಬಹುದು, ನೀರು ಹರಿದು ಬರುವ ತಗ್ಗನ್ನು ಅಳಿಸಲಾಗದು. ಮಳೆಗಾಲದಲ್ಲಿ ಆ ತಗ್ಗುಗಳ ಮಣ್ಣಿನಲ್ಲಿ ನೀರು ನಿಲ್ಲುತ್ತದೆ.

ಗೋಡೆಯ ಹಿಂದೆ ನೀರು ಮೇಲಿನವರೆಗೆ ನಿಂತರೆ ಏನಾಗುತ್ತದೆ? ನೀರಿನಲ್ಲಿ ಮುಳುಗಿದ ಮಣ್ಣಿನ ಒತ್ತಡ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ ನೀರು ತನ್ನ ಪೂರ್ತಿ ಒತ್ತಡ ಹಾಕುತ್ತದೆ. ಅದಕ್ಕೆ ಅರ್ಧ ಪಾಲು, ಮೂರನೇ ಪಾಲು ಎಂಬ ರಿಯಾಯಿತಿ ಇಲ್ಲ. 3 ಮೀಟರ್ ಆಳದಲ್ಲಿ ಚದರ ಮೀಟರಿಗೆ ನೇರ 3 ಟನ್. ಎರಡೂ ಸೇರಿ ಬುಡದಲ್ಲಿ 4.5 ಟನ್, ಒಟ್ಟು ನೂಕು ಮೀಟರ್ ಉದ್ದಕ್ಕೆ 6.75 ಟನ್. ಒಣ ದಿನದ 4 ಟನ್ನಿಗೆ ಹೋಲಿಸಿದರೆ ಮೂರನೇ ಎರಡು ಭಾಗ ಹೆಚ್ಚು. ಜೊತೆಗೆ ಸೆಲ್ಲಾರಿನ ನೆಲವನ್ನು ಕೆಳಗಿನಿಂದ ನೀರು ಮೇಲಕ್ಕೆ ಎತ್ತುತ್ತದೆ.

ಇದಕ್ಕೆ ದಾರಿ ಎರಡೇ. ಒಂದು, ಗೋಡೆಯ ಹಿಂದೆ ಜಲ್ಲಿಯ ಪದರ, ಬುಡದಲ್ಲಿ ತೂತಿನ ಪೈಪು ಹಾಕಿ ನೀರು ನಿಲ್ಲದಂತೆ ಹೊರಗೆ ಸಾಗಿಸುವುದು. ಎರಡು, ನೀರು ನಿಂತೇ ನಿಲ್ಲುತ್ತದೆ ಅಂತ ಹಿಡಿದು ಪೂರ್ತಿ ಒತ್ತಡಕ್ಕೆ ಗೋಡೆ ಮಾಡುವುದು. ಒಳಗಡೆ ವಾಟರ್‌ಪ್ರೂಫ್ ಬಣ್ಣ ಬಳಿಯುವುದು ಮೂರನೇ ದಾರಿಯಲ್ಲ. ಬಣ್ಣ ತೇವವನ್ನು ಮುಚ್ಚೀತು, ಟನ್ನುಗಳನ್ನು ತಡೆಯಲಾರದು.

"ನಮ್ಮ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಒಂಬತ್ತಿಂಚು ಇಟ್ಟಿಗೆ ಗೋಡೆ ನಿಂತಿಲ್ಲವೇ?" ಅಂತ ವಾದಿಸುವವರಿದ್ದಾರೆ. ನಿಂತಿರಬಹುದು. ನಮ್ಮ ಕೆಂಪು ಮಣ್ಣು ಒಣಗಿದ್ದಾಗ, ಕಣಗಳ ನಡುವಿನ ಅಲ್ಪ ತೇವದ ಹಿಡಿತದಿಂದ ಚಾಕುವಿನಲ್ಲಿ ಕೊಯ್ದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಆಗ ಗೋಡೆಯ ಮೇಲೆ ನೂಕೇ ಇಲ್ಲ ಅನ್ನುವಷ್ಟು ಕಡಿಮೆ. ಒಂದು ವರ್ಷ ಜೋರು ಮಳೆ ಬಿದ್ದು ನೀರು ಒಳಗೆ ಇಳಿದರೆ ಆ ಹಿಡಿತ ಹೋಗುತ್ತದೆ. ಇಪ್ಪತ್ತು ವರ್ಷ ಬಾರದ ನೂಕು ಒಂದೇ ರಾತ್ರಿ ಬರುತ್ತದೆ. ಇಷ್ಟು ವರ್ಷ ನಿಂತಿದೆ ಎಂಬುದು ಆ ರಾತ್ರಿಗೆ ಪುರಾವೆಯಲ್ಲ.

ಪಕ್ಕದ ಬಲ ನಂಬದವರಿಗೆ

2009ರ ಜೂನ್ 27. ಚೀನಾದ ಶಾಂಘಾಯ್ ನಗರದಲ್ಲಿ ಕಟ್ಟುತ್ತಿದ್ದ 13 ಅಂತಸ್ತಿನ ಅಪಾರ್ಟ್‌ಮೆಂಟು ಮುರಿದು ಪುಡಿಯಾಗಲಿಲ್ಲ. ಹೆಚ್ಚುಕಡಿಮೆ ಇಡಿಯಾಗಿ ಮಗ್ಗುಲಾಗಿ ಮಲಗಿತು. ಒಬ್ಬ ಕಾರ್ಮಿಕ ಸತ್ತ. ಒಂದು ಬದಿಯಲ್ಲಿ ನೆಲದಡಿಯ ಗ್ಯಾರೇಜಿಗೆ 4.6 ಮೀಟರ್ ಗುಂಡಿ ತೋಡಿದ್ದರು. ಇನ್ನೊಂದು ಬದಿಯಲ್ಲಿ ಸುಮಾರು 10 ಮೀಟರ್ ಎತ್ತರಕ್ಕೆ ಮಣ್ಣು ರಾಶಿ ಹಾಕಿದ್ದರು. ಎರಡೂ ಬದಿಯ ಒತ್ತಡದ ಅಂತರ ನೆಲದಡಿಯ ಪೈಲುಗಳನ್ನೇ ಮುರಿಯಿತು. ಮೇಲಿನ ಭಾರಕ್ಕೆ ಮಾಡಿದ ಪೈಲುಗಳು ಪಕ್ಕದ ನೂಕಿಗೆ ಸೋತವು.

2019ರ ಜೂನ್ 29. ಪುಣೆಯ ಕೊಂಢ್ವಾದಲ್ಲಿ ಮಳೆಯ ರಾತ್ರಿ ಅಪಾರ್ಟ್‌ಮೆಂಟೊಂದರ ಕಾಂಪೌಂಡ್ ಗೋಡೆ, ಕೆಳಗಿದ್ದ ಕಟ್ಟಡ ಕಾರ್ಮಿಕರ ಶೆಡ್ಡುಗಳ ಮೇಲೆ ಬಿತ್ತು. ಮಲಗಿದ್ದವರಲ್ಲಿ 15 ಮಂದಿ ಸತ್ತರು, ಮಕ್ಕಳೂ ಸೇರಿ. ಹೊಟ್ಟೆಪಾಡಿಗೆ ಬಂದವರು. ಆ ಗೋಡೆಯಲ್ಲಿ ಅವರಿಗೆ ಯಾವ ಪಾಲೂ ಇರಲಿಲ್ಲ, ಅದರಡಿಯ ಸಾವು ಮಾತ್ರ ಅವರ ಪಾಲಿಗೆ ಬಂತು.

ನಮ್ಮ ಪ್ರೆಸ್ಸಿನ ಪಕ್ಕದ ಸೈಟಿನ ಕಥೆಯೂ ಕೇಳಿ. ನಮ್ಮ ಗೋಡೆಗೆ ಅಂಟಿಸಿಯೇ ಹತ್ತಡಿ ತೋಡಿದರು. ಹಲಗೆ ಇಲ್ಲ, ಆಸರೆ ಇಲ್ಲ. ಕೇಳಿದ್ದಕ್ಕೆ ಕಂಟ್ರಾಕ್ಟರ್ ಮಹಾಶಯ, "ಮಣ್ಣು ಗಟ್ಟಿ ಇದೆ ಅಣ್ಣಾ, ಸುಮ್ನೆ ಹೆದರ್ತೀರಾ" ಅಂದ. ಎರಡು ಮಳೆ ಬಿದ್ದವು. ನಮ್ಮ ಗೋಡೆಯಲ್ಲಿ ಬೆರಳು ತೂರುವ ಬಿರುಕು. ಆಫ್‌ಸೆಟ್ ಮೆಷಿನ್ನಿನ ಲೆವೆಲ್ ತಪ್ಪಿ ನಾಲ್ಕು ಬಣ್ಣ ನಾಲ್ಕು ಕಡೆ ಕೂತವು. ಮದುವೆ ಸೀಸನ್ನಿನ ಆರ್ಡರ್ ಕೈಬಿಟ್ಟಿತು. ದೂರು ಕೊಟ್ಟರೆ "ನಕ್ಷೆ ಮಂಜೂರಾಗಿದೆ" ಅಂತ ಉತ್ತರ. ನಕ್ಷೆಯಲ್ಲಿ ರೂಮುಗಳಿದ್ದವು, ಬಾಗಿಲು ಕಿಟಕಿಗಳಿದ್ದವು. ಗೋಡೆಯ ಕಂಬಿ ಇರಲಿಲ್ಲ, ಮಣ್ಣಿನ ಪರೀಕ್ಷೆ ಇರಲಿಲ್ಲ, ತೋಡುವಾಗ ಪಕ್ಕದ ಮನೆಯನ್ನು ಕಾಯುವ ಬಗೆ ಇರಲಿಲ್ಲ. ಮಂಜೂರಾದದ್ದು ಹಾಗಾದರೆ ಏನು?

ಕೇಳಬೇಕಾದ ಆರು ಪ್ರಶ್ನೆ

ದುಡ್ಡು ಎಲ್ಲಿಂದ ತರೋಣ ಅನ್ನಬೇಡಿ. ಲೆಕ್ಕ ಮಾಡಿಸಿದರೆ ಖರ್ಚು ಯಾವಾಗಲೂ ಹೆಚ್ಚುವುದಿಲ್ಲ. ಮೇಲಿನ ಉದಾಹರಣೆಯಲ್ಲೇ, ಒಣ ಮಣ್ಣಿಗೆ, ಮೋಲ್ಡು ಹಾಕಿದ ಮೇಲೆಯೇ ಮಣ್ಣು ತುಂಬುವುದಾದರೆ, ಒಳಮುಖಕ್ಕೆ 10 ಎಂಎಂ ಕಂಬಿ ಆರಿಂಚಿಗೊಂದರಂತೆ ಕೂತರೆ ಬಗ್ಗಿಸುವ ಶಕ್ತಿಗೆ ಹೆಚ್ಚುಕಡಿಮೆ ಹೊಂದುತ್ತದೆ. ಲೆಕ್ಕವಿಲ್ಲದ ಮೇಸ್ತ್ರಿ ಕೆಲವೊಮ್ಮೆ ಇದಕ್ಕಿಂತ ಹೆಚ್ಚು ಕಂಬಿ ಸುರಿಯುತ್ತಾನೆ, ತಪ್ಪು ಮುಖದಲ್ಲಿ! ಕಬ್ಬಿಣಕ್ಕೂ ದಂಡ, ಜೀವಕ್ಕೂ ಅಪಾಯ.

ನಿಮ್ಮ ಮನೆಯೋ, ನಿಮ್ಮ ಬೀದಿಯದೋ, ನೀವು ಬಾಡಿಗೆಗೆ ಹೋಗುವ ಹೊಸ ಕಟ್ಟಡವೋ, ಇಷ್ಟನ್ನು ಕೇಳಿ:

1. ಮಣ್ಣಿನ ಪರೀಕ್ಷೆ ಆಗಿದೆಯೇ? ಮಳೆಗಾಲದಲ್ಲಿ ನೀರು ಎಷ್ಟು ಆಳದಲ್ಲಿ ಸಿಗುತ್ತದೆ?

2. ಪಕ್ಕದ ಒತ್ತಡಕ್ಕೆ ಎಷ್ಟು ಪಾಲು ಹಿಡಿದಿದ್ದಾರೆ? ನೀರು ಮತ್ತು ವಾಹನದ ಭಾರ ಸೇರಿಸಿದ್ದಾರೆಯೇ?

3. ಮುಖ್ಯ ಕಂಬಿ ಯಾವ ಮುಖದಲ್ಲಿ? ಪಾಯದಿಂದ ಎದ್ದು ಗೋಡೆಗೆ ಸೇರುವ ಕಂಬಿ ಸಾಕಷ್ಟು ಉದ್ದ ಬಿಟ್ಟಿದ್ದಾರೆಯೇ?

4. ಹೊರಗಿನ ಮಣ್ಣು ತುಂಬುವುದು ಮೋಲ್ಡಿಗೆ ಮೊದಲೋ, ಅದು ಗಟ್ಟಿಯಾದ ನಂತರವೋ? ಮೊದಲಾದರೆ ಅದಕ್ಕೆ ಬೇರೆ ಲೆಕ್ಕ ಎಲ್ಲಿ?

5. ಮುಂದೆ ಮಣ್ಣಿನ ಮಟ್ಟ ಎಷ್ಟರವರೆಗೆ ಏರಿಸಬಹುದು ಅಂತ ಡ್ರಾಯಿಂಗಿನಲ್ಲಿ ಬರೆದಿದ್ದಾರೆಯೇ?

6. ತೋಡುವಾಗ ಪಕ್ಕದ ಮನೆಗೆ ಆಸರೆ ಏನು? ಸಹಿ ಹಾಕಿದ ಇಂಜಿನಿಯರ್ ಸೈಟಿಗೆ ಯಾವ ದಿನ ಬರುತ್ತಾರೆ?

ಕೊನೆಗೊಂದು ಮಾತು, ನಮ್ಮ ನುಡಿಯ ಬಗ್ಗೆ. ಸೈಟಿಗೆ ಬರುವ ಡ್ರಾಯಿಂಗ್ ಇಂಗ್ಲಿಷಿನಲ್ಲಿರುತ್ತದೆ. ಕಂಬಿ ಕಟ್ಟುವವನು ರಾಯಚೂರಿನವನೋ, ಯಾದಗಿರಿಯವನೋ, ಬಿಹಾರ ಒಡಿಶಾದವನೋ ಆಗಿರುತ್ತಾನೆ. ಒಳಮುಖ ಯಾವುದು, ಹೊರಮುಖ ಯಾವುದು ಎಂಬ ಒಂದು ಪದ ತಿಳಿಯದೆ ಕಂಬಿ ಹಿಂದುಮುಂದಾದರೆ, ಆ ಪದದ ಬೆಲೆ ಒಂದು ಜೀವ. "ಮಣ್ಣಿನ ಕಡೆ", "ಕಾರಿನ ಕಡೆ", "ಮೋಲ್ಡು ಗಟ್ಟಿಯಾಗುವವರೆಗೆ ಮಣ್ಣು ತುಂಬಬೇಡಿ" ಅಂತ ಕನ್ನಡದಲ್ಲಿ, ಕೆಲಸಗಾರನ ಮಾತು ಬೇರೆಯಾದರೆ ಅವನ ಮಾತಿನಲ್ಲೂ, ದೊಡ್ಡ ಬೋರ್ಡು ಬರೆದು ನಿಲ್ಲಿಸಲು ಎಷ್ಟು ಖರ್ಚು? ಅಚ್ಚಿನ ಕೆಲಸದವನಾಗಿ ಹೇಳುತ್ತೇನೆ, ಒಂದು ಚೀಲ ಸಿಮೆಂಟಿನಷ್ಟು ಖರ್ಚಾದರೆ ಹೆಚ್ಚು! ನಿಮ್ಮಲ್ಲಿ ಸಿವಿಲ್ ಓದುತ್ತಿರುವ ಹುಡುಗ ಹುಡುಗಿಯರಿದ್ದೀರಿ. ಪರೀಕ್ಷೆಗೆ ಬರೆಯುವ ಲೆಕ್ಕವನ್ನು ನಿಮ್ಮ ಬೀದಿಯ ಮೇಸ್ತ್ರಿಗೆ ಕನ್ನಡದಲ್ಲಿ ಹೇಳಿಕೊಡಿ. ಅವನು ಒಮ್ಮೆ ತಿಳಿದುಕೊಂಡರೆ ಮುಂದಿನ ನೂರು ಗೋಡೆ ನೆಟ್ಟಗಾಗುತ್ತವೆ.

ಗೆಳೆಯರೇ, ಸೆಲ್ಲಾರ್ ಬೇಡ ಅಂತ ನಾನು ಹೇಳುತ್ತಿಲ್ಲ. ನೆಲ ಇಷ್ಟು ದುಬಾರಿಯಾದ ಊರಿನಲ್ಲಿ ಜನ ಕೆಳಕ್ಕೂ ಹೋಗುತ್ತಾರೆ, ಹೋಗಲಿ. ಆದರೆ ಇಟಾಚಿ ಬರುವ ಮೊದಲು ಡ್ರಾಯಿಂಗ್ ಬರಲಿ. ಮಣ್ಣು ತುಂಬುವ ಮೊದಲು ಮೋಲ್ಡು ಬರಲಿ. ಬಿರುಕು ಬರುವ ಮೊದಲು ಇಂಜಿನಿಯರ್ ಬರಲಿ. "ಏನೂ ಆಗಲ್ಲ" ಅಂತ ಯಾರಾದರೂ ಅಂದರೆ ಜಗಳ ಬೇಡ, ಕೂಗಾಟ ಬೇಡ. ಒಂದು ಪೆನ್ನು, ಒಂದು ಹಾಳೆ ಕೈಗೆ ಕೊಟ್ಟು, "ಲೆಕ್ಕ ತೋರಿಸಿ ಸ್ವಾಮಿ" ಅನ್ನಿ.